ಜಾವಾ ಹಳ್ಳಿಯಲ್ಲಿ ಜಾಗ: ಸ್ನೇಹಿತನ ಹೆಸರಲ್ಲಿ ಬೇಡ

ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ, ಮಗೆಲಾಂಗ್ ನಗರದ ಹತ್ತಿರದ ಹಳ್ಳಿಯಲ್ಲಿ ಸ್ನೇಹಿತನ ಹೆಸರಿಗೆ ಜಾಗ ಕೊಂಡು ಮನೆ ಕಟ್ಟಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಇಂಡೋನೇಷ್ಯಾದ 1960ರ ಭೂ ಕಾನೂನಿನಲ್ಲಿ ‘ಹಕ್ ಮಿಲಿಕ್’, ಅಂದರೆ ಪೂರ್ತಿ ಒಡೆತನ, ವಿದೇಶಿಯರಿಗೆ ಇಲ್ಲ. ಬೇನಾಮಿ ಮಾಡಿ ಸಿಕ್ಕಿಬಿದ್ದರೆ ವ್ಯವಹಾರ ರದ್ದು, ಜಾಗ ಸರ್ಕಾರಕ್ಕೆ. ಕೊಟ್ಟ ದುಡ್ಡನ್ನೂ ವಾಪಸ್ ಕೇಳುವಂತಿಲ್ಲ! ಅಲ್ಲಿ ವಾಸವಿರುವ ವಿದೇಶಿಯರಿಗೆ ಸಿಗುವುದು ‘ಹಕ್ ಪಕಾಯ್’, ಬಳಸುವ ಹಕ್ಕು ಮಾತ್ರ. ಮೊದಲಿಗೆ 30 ವರ್ಷ, ಆಮೇಲೆ ವಿಸ್ತರಣೆ.

ನನ್ನ ಕೇಳಿದರೆ, ಒಂದು ವರ್ಷ ಸುಮ್ನೆ ಬಾಡಿಗೆಗೆ ಇದ್ದು ನೋಡಿ. ಹೋದ ದಿನವೇ ‘ಪಾಕ್ ಆರ್‌ಟಿ’ಯನ್ನು, ಅಂದರೆ ಆ ಕೇರಿಯ ಮುಖ್ಯಸ್ಥರನ್ನು, ಕಂಡು ಮಾತಾಡಿಸಿ. ಹೊಸಬರು 24 ಗಂಟೆಯೊಳಗೆ ಅವರಿಗೆ ತಿಳಿಸಬೇಕು ಅನ್ನುವ ಬೋರ್ಡು ಎಷ್ಟೋ ಕಡೆ ಇರುತ್ತದೆ. ಮತ್ತೆ, ‘ತುಂಬಾ ಶಾಂತ ಊರು’ ಅಂದಿರಲ್ವಾ? ಬೆಳಗಿನ ಜಾವ ಮಸೀದಿಯ ಮೈಕು, ಹುಂಜ ಎರಡೂ ಎಬ್ಬಿಸುತ್ತವೆ.