ಖಾನ್ ಬಿಳಿಯನಾದರೆ ಕಥೆಗೆ ಏನು ನಷ್ಟ?

ಪ್ರಶ್ನೆ ಕೇಳಿದವರಿಗೆ ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಗೊತ್ತಿಲ್ಲದವರಿಗೆ: 'ಸ್ಟಾರ್ ಟ್ರೆಕ್' ಅಂದರೆ ಬಾಹ್ಯಾಕಾಶದ ಸಾಹಸ ಹೇಳುವ ಅಮೆರಿಕದ ಧಾರಾವಾಹಿ ಮತ್ತು ಸಿನಿಮಾಗಳು; ಖಾನ್ ಅದರ ವಿಲನ್, ತಳಿ ತಿದ್ದಿ ಮಾಡಿದ 'ಶ್ರೇಷ್ಠ' ಮನುಷ್ಯ, ಕಥೆಯಲ್ಲಿ ಭಾರತದ ಮೂಲದವನು. 2013ರ 'ಸ್ಟಾರ್ ಟ್ರೆಕ್ ಇಂಟು ಡಾರ್ಕ್‌ನೆಸ್' ಚಿತ್ರದಲ್ಲಿ ಖಾನ್ ಪಾತ್ರವನ್ನು ಬೆನೆಡಿಕ್ಟ್ ಕಂಬರ್‌ಬ್ಯಾಚ್ ಮಾಡಿದ್ದು ಸರಿಯಾ, ಖಾನ್ ಕಥೆಗಳನ್ನು ಯಾವ ಕ್ರಮದಲ್ಲಿ ನೋಡಬೇಕು ಅಂತ ನೀವು ಕೇಳಿದ್ದೀರಿ. ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು, 'ಮೊದಲು ಮಾಡಿದವರೂ ಮೆಕ್ಸಿಕೋದವರೇ, ಈಗ್ಯಾಕೆ ತಕರಾರು' ಅಂದಿದ್ದಾರೆ. ಇನ್ನೊಬ್ಬರು, 'ವಿಲನ್ ನಮ್ಮವನಲ್ಲದಿದ್ದರೆ ನಮಗೇ ಒಳ್ಳೇದಲ್ವಾ' ಅಂದಿದ್ದಾರೆ. ನನ್ನ ಪ್ರಕಾರ ನಟನೆ ಚೆನ್ನಾಗಿದೆ, ಆಯ್ಕೆ ತಪ್ಪು. ಖಾನ್ ಎಲ್ಲಿಯವನು ಅನ್ನುವುದರ ಮೇಲೇ ಆ ಕಥೆ ನಿಂತಿದೆ. ಅದನ್ನು ತೆಗೆದರೆ ಬರೀ ಸಿಟ್ಟಿನ ಬುದ್ಧಿವಂತನೊಬ್ಬ ಉಳಿಯುತ್ತಾನೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಫೆಬ್ರವರಿ 1967, ಮೂಲ ಧಾರಾವಾಹಿಯ ಮೊದಲ ಸೀಸನ್, 'ಸ್ಪೇಸ್ ಸೀಡ್' ಕಂತು. ಕಥೆಯ ನಾಯಕರಿರುವ ಎಂಟರ್‌ಪ್ರೈಸ್ ನೌಕೆಗೆ ಬಾಟನಿ ಬೇ ಅನ್ನುವ ಹಳೇ ಹಡಗು ಸಿಗುತ್ತದೆ. ಒಳಗೆ ಶತಮಾನಗಳಿಂದ ನಿದ್ದೆಯಲ್ಲಿರುವ ಜನ. ಅವರ ನಾಯಕ ಖಾನ್ ಮಲಗಿರುವ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ನೌಕೆಯ ಇತಿಹಾಸ ತಜ್ಞೆ ಮಾರ್ಲಾ ಮೆಕ್‌ಗಿವರ್ಸ್ ಅಂದಾಜು ಹೇಳುತ್ತಾಳೆ: ಉತ್ತರ ಭಾರತದ ಕಡೆಯವನು, ಬಹುಶಃ ಸಿಖ್ಖ, ಅವರು ಅದ್ಭುತ ಯೋಧರು ಅಂತ. ಆಮೇಲೆ ಕೂತು ಅವನ ಚಿತ್ರವನ್ನೂ ಬಿಡಿಸುತ್ತಾಳೆ. ಚಿತ್ರದಲ್ಲಿ ತಲೆಗೆ ರುಮಾಲು ಇದೆ. ಎದುರಿಗಿರುವ ಮನುಷ್ಯನಿಗೆ ರುಮಾಲೂ ಇಲ್ಲ, ಗಡ್ಡವೂ ಇಲ್ಲ. ಹೆಸರು ಖಾನ್ ನೂನಿಯನ್ ಸಿಂಗ್! ಪಂಜಾಬಿನ ಯಾರಾದರೂ ಸ್ಕ್ರಿಪ್ಟ್ ಓದಿದ್ದರೆ ಅಲ್ಲೇ ನಕ್ಕುಬಿಡುತ್ತಿದ್ದರು. ಹಾಗಾಗಿ ಮೂಲ ಖಾನ್ ಪಕ್ಕಾ ಸಿಖ್ಖನಾಗಿದ್ದ ಅಂತ ಯಾರೂ ವಾದ ಮಾಡಬೇಡಿ, ನಿಲ್ಲುವುದಿಲ್ಲ.

ಆದರೆ ಇನ್ನೊಂದು ವಿಷಯ ಗೊತ್ತಿರಲಿ. ಈ ಕಂತಿಗೆ ಕ್ಯಾರಿ ವಿಲ್ಬರ್ ಬರೆದ ಮೊದಲ ಕರಡಿನಲ್ಲಿ ಈ ವಿಲನ್ ಎರಿಕ್ಸನ್ ಅನ್ನುವ ನಾರ್ಡಿಕ್, ಅಂದರೆ ಉತ್ತರ ಯೂರೋಪಿನ ಮನುಷ್ಯ. ಆ ಪಾತ್ರಕ್ಕೆ ನಟ ರಿಕಾರ್ಡೊ ಮೊಂಟಲ್ಬಾನ್ ಆಯ್ಕೆಯಾದ ಮೇಲೆ ಅವನು ಭಾರತದವನಾದ. ಈ ಬದಲಾವಣೆಯೇ ಕಥೆಯನ್ನು ಮೇಲೆತ್ತಿದ್ದು. ಯೋಚನೆ ಮಾಡಿ, ಹಿಟ್ಲರ್ ಸತ್ತು ಆಗ 22 ವರ್ಷ ಅಷ್ಟೇ. 'ಶ್ರೇಷ್ಠ ತಳಿಯ ಮನುಷ್ಯ' ಅಂದರೆ ನೋಡುವವರ ಕಣ್ಣಿಗೆ ಬರುತ್ತಿದ್ದುದು ಹೊಂಬಣ್ಣದ ಕೂದಲು, ನೀಲಿ ಕಣ್ಣು. ಆ ಜಾಗದಲ್ಲಿ ಏಷ್ಯಾದ ಕಂದು ಮನುಷ್ಯನೊಬ್ಬನನ್ನು ತಂದು ಕೂರಿಸಿದರು. ಕಥೆಯ ಪ್ರಕಾರ ಇವನು 1992ರಿಂದ 1996ರವರೆಗೆ ಭೂಮಿಯ ಕಾಲು ಭಾಗಕ್ಕಿಂತ ಜಾಸ್ತಿ ಆಳಿದವನು. ಅವನ ಚರಿತ್ರೆ ಗೊತ್ತಾದ ಮೇಲೂ ಎಂಟರ್‌ಪ್ರೈಸ್‌ನ ಕ್ಯಾಪ್ಟನ್ ಕರ್ಕ್, ಎಂಜಿನಿಯರ್ ಸ್ಕಾಟಿ ಅವನನ್ನು ಮೆಚ್ಚಿ ಮಾತಾಡುತ್ತಾರೆ. ಇವರಿಗೇನಾಗಿದೆ ಅಂತ ತರ್ಕವನ್ನೇ ನಂಬುವ ನೌಕೆಯ ಅಧಿಕಾರಿ ಸ್ಪಾಕ್‌ಗೆ ಅರ್ಥವೇ ಆಗುವುದಿಲ್ಲ. ಆ ದೃಶ್ಯ ನೋಡಲೇಬೇಕು.

2013ರಲ್ಲಿ ಆ ಜಾಗಕ್ಕೆ ಲಂಡನ್ನಿನ ಬಿಳಿ ನಟ ಬಂದರು. ತಳಿ ತಿದ್ದಿ ಮಾಡಿದ ಶ್ರೇಷ್ಠ ಮನುಷ್ಯ ಮತ್ತೆ ಬಿಳಿಯನೇ ಆದ. ಎರಿಕ್ಸನ್ ಹಿಂಬಾಗಿಲಿನಿಂದ ವಾಪಸ್ ಬಂದ ಹಾಗಾಯಿತು.

ಈಗ 'ಮೆಕ್ಸಿಕೋದವರೇ ಮಾಡಿದ್ದರಲ್ವಾ' ಅನ್ನುವ ಮಾತಿಗೆ ಬರೋಣ. ನಿಜ, ಮೊಂಟಲ್ಬಾನ್ ಹುಟ್ಟಿದ್ದು ಮೆಕ್ಸಿಕೋ ಸಿಟಿಯಲ್ಲಿ, ತಂದೆ ತಾಯಿ ಸ್ಪೇನಿನಿಂದ ಬಂದವರು. 1967ರ ಕಂತಿನಲ್ಲಿ ಅವರ ಮುಖಕ್ಕೆ ಕಪ್ಪು ಮೇಕಪ್ ಕೂಡ ಬಳಿದಿದ್ದರು. ಇವತ್ತು ಅದನ್ನು ಸರಿ ಅನ್ನಲು ಆಗುವುದಿಲ್ಲ. ಆಗಿನ ಹಾಲಿವುಡ್ಡಿನಲ್ಲಿ 'ಹೊರಗಿನವನು' ಅಂದರೆ ಒಬ್ಬರೇ ಎಲ್ಲ ದೇಶದವರೂ ಆಗಬೇಕಿತ್ತು. ಇದೇ ಮೊಂಟಲ್ಬಾನ್ 1957ರ 'ಸಯೊನಾರಾ' ಚಿತ್ರದಲ್ಲಿ ಜಪಾನಿನ ಕಬುಕಿ ನಟ. ಲ್ಯಾಟಿನೊ ಜನರನ್ನು ಚಿತ್ರಗಳಲ್ಲಿ ತೋರಿಸುವ ರೀತಿ ಸಾಕಾಗಿ 1970ರಲ್ಲಿ ಅವರು 'ನೊಸೊತ್ರೋಸ್' ಅನ್ನುವ ಸಂಸ್ಥೆಯನ್ನೇ ಕಟ್ಟಿದರು. ಇಷ್ಟಾಗಿಯೂ ಅವರು ಕರ್ಕ್‌ನ ಎದುರು ನಿಂತಾಗ ನೋಡುವವರಿಗೆ ಇವನು ಬೇರೆ ಲೋಕದವನು ಅಂತ ತಕ್ಷಣ ಗೊತ್ತಾಗುತ್ತಿತ್ತು. ಹಳೇ ತಪ್ಪು ಇತ್ತು ಅಂತ 46 ವರ್ಷ ಆದ ಮೇಲೆ ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬೇಕಾ? ಅಷ್ಟು ಹೊತ್ತಿಗೆ ಭಾರತೀಯ ಮೂಲದ ನಟರು ಬೇಕಾದಷ್ಟು ಜನ ಇದ್ದರು.

'ವಿಲನ್ ನಮ್ಮವನಲ್ಲದಿದ್ದರೆ ಒಳ್ಳೇದು' ಅನ್ನುವ ವಾದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಚಿತ್ರದ ಬರಹಗಾರರಲ್ಲಿ ಒಬ್ಬರಾದ ರಾಬರ್ಟೊ ಓರ್ಚಿ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ಕಂದು ಬಣ್ಣದವನನ್ನು ರಾಕ್ಷಸನ ಹಾಗೆ ತೋರಿಸಲು ಅವರಿಗೆ ಮನಸ್ಸು ಒಪ್ಪಲಿಲ್ಲವಂತೆ. ಕಾರಣ ಇದೆ. ಈ ಖಾನ್ ಲಂಡನ್ನಿನಲ್ಲಿ ಬಾಂಬ್ ಸ್ಫೋಟ ಮಾಡಿಸುತ್ತಾನೆ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಮೇಲೆ ನೌಕೆಯನ್ನೇ ಬೀಳಿಸುತ್ತಾನೆ. ಚಿತ್ರದ ಕೊನೆಗೆ 9/11ರ ನಂತರದ ಅಮೆರಿಕದ ಯೋಧರಿಗೆ ಅರ್ಪಣೆ ಬೇರೆ ಇದೆ. ರುಮಾಲು ಕಂಡರೆ ಸಾಕು ಹಲ್ಲೆ ಮಾಡುವವರಿದ್ದ ಕಾಲ. ಆಗಸ್ಟ್ 2012ರಲ್ಲಿ ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದಲ್ಲಿ ಗುಂಡು ಹಾರಿಸಿ ಜನರನ್ನು ಕೊಂದಿದ್ದರು. ಇಂಥ ಸಮಯದಲ್ಲಿ ಸಿಂಗ್ ಹೆಸರಿನ ಭಯೋತ್ಪಾದಕ ಬೇಡ ಅನ್ನಿಸಿದರೆ ಅದು ಸಹಜವೇ.

ಸರಿ, ಹಾಗಿದ್ದ ಮೇಲೆ ಆ ಹೆಸರು ಯಾಕೆ ಬೇಕಿತ್ತು? ನನ್ನ ತಕರಾರು ಇಲ್ಲಿರುವುದು. ಚಿತ್ರದ ಅರ್ಧದವರೆಗೆ ಅವನು ಜಾನ್ ಹ್ಯಾರಿಸನ್. ಬಿಡುಗಡೆಗೆ ಮುಂಚೆ ಇವನು ಖಾನ್ ಅಲ್ಲ ಅಂತಲೇ ಹೇಳಿಕೊಂಡು ಬಂದರು. ಹ್ಯಾರಿಸನ್ ಹ್ಯಾರಿಸನ್ ಆಗಿಯೇ ಉಳಿಯಬಹುದಿತ್ತು. 'ಸ್ಪೇಸ್ ಸೀಡ್' ಕಂತಿನಲ್ಲಿ ಖಾನ್‌ನ ಸಂಗಡಿಗರು ನಾನಾ ಮೂಲದವರು, ಅವರು ಮಲಗಿದ್ದ 84 ಪೆಟ್ಟಿಗೆಗಳಲ್ಲಿ 72 ಇನ್ನೂ ಕೆಲಸ ಮಾಡುತ್ತಿರುತ್ತವೆ. ಅವರಲ್ಲಿ ಒಬ್ಬ ಬಿಳಿಯ ಎದ್ದು ಬಂದು ಮಿಕ್ಕವರನ್ನು ಉಳಿಸಿಕೊಳ್ಳಲು ಹೋರಾಡಿದ ಅಂದರೆ ಕಥೆಯ ಒಂದು ಎಳೆಯೂ ಕಡಿಯುತ್ತಿರಲಿಲ್ಲ. ಕಂಬರ್‌ಬ್ಯಾಚ್ ಅವರಿಗೂ ಈ ಚರ್ಚೆಯ ಭಾರ ಬೀಳುತ್ತಿರಲಿಲ್ಲ. ಹಳೇ ಹೆಸರಿನ ಮಾರುಕಟ್ಟೆ ಬೇಕು, ಆ ಹೆಸರಿನ ಮುಖ ಬೇಡ ಅಂದರೆ ಹೇಗೆ? ಸ್ಟಾರ್ ಟ್ರೆಕ್ ಸರಣಿಯದೇ ಆದ 'ವಾಯೇಜರ್' ಧಾರಾವಾಹಿಯ ನಟ ಗ್ಯಾರೆಟ್ ವಾಂಗ್ ಕೂಡ ಆಗಲೇ ಇದನ್ನು ಹೇಳಿದ್ದರು: ನಟನ ಬಗ್ಗೆ ದೂರಿಲ್ಲ, ಆಯ್ಕೆ ಬಗ್ಗೆ ಇದೆ ಅಂತ.

ಆಮೇಲೆ ಕಾಮಿಕ್ಸ್‌ನಲ್ಲಿ ತೇಪೆ ಹಚ್ಚಿದರು. ಖಾನ್‌ನ ನೆನಪು ಅಳಿಸಿ, ಮುಖ ಬದಲಾಯಿಸಿ ಹ್ಯಾರಿಸನ್ ಮಾಡಿದರು ಅಂತ. ಸಿನಿಮಾ ನೋಡಿದವರಲ್ಲಿ ಎಷ್ಟು ಜನ ಅದನ್ನು ಓದಿದ್ದಾರೆ ಹೇಳಿ.

'ಭಾರತೀಯ ಮೂಲದ ನಟ ಸಿಗಲಿಲ್ಲವೇನೋ' ಅಂತ ಯಾರೋ ಸುಮ್ನೆ ಬರೆದಿದ್ದರು. ನಿರ್ದೇಶಕ ಜೆ.ಜೆ. ಏಬ್ರಮ್ಸ್ ಮತ್ತು ಬರಹಗಾರ ಡೇಮನ್ ಲಿಂಡಲಾಫ್ ಇಬ್ಬರೂ 'ಲಾಸ್ಟ್' ಧಾರಾವಾಹಿ ಹುಟ್ಟುಹಾಕಿದವರು. ಅದರಲ್ಲಿ 2004ರಿಂದ ನವೀನ್ ಆಂಡ್ರ್ಯೂಸ್ ಇದ್ದರು. ಲಂಡನ್ನಿನಲ್ಲಿ ಹುಟ್ಟಿದವರು, ತಂದೆ ತಾಯಿ ಕೇರಳದವರು. ಪಾತ್ರ ಸಯೀದ್, ಸದ್ದಾಮ್ ಸೇನೆಯ ಹಳೇ ಸೈನಿಕ, ಕೈದಿಗಳಿಗೆ ಚಿತ್ರಹಿಂಸೆ ಕೊಟ್ಟವನು. 9/11 ಆಗಿ ಮೂರೇ ವರ್ಷಕ್ಕೆ ಅಮೆರಿಕದ ಪ್ರೇಕ್ಷಕರು ಆ ಮನುಷ್ಯನನ್ನು ಪ್ರೀತಿಸಿದರು, ಅಷ್ಟು ಚೆನ್ನಾಗಿ ಬರೆದಿದ್ದರು. ಅಂದರೆ ದಾರಿ ಇವರಿಗೇ ಗೊತ್ತಿತ್ತು! ಏಬ್ರಮ್ಸ್ ಅವರದೇ 2009ರ 'ಸ್ಟಾರ್ ಟ್ರೆಕ್' ಚಿತ್ರದಲ್ಲಿ ಪಾಕಿಸ್ತಾನಿ ಮೂಲದ ಫರಾನ್ ತಾಹಿರ್ ಕೆಲ್ವಿನ್ ನೌಕೆಯ ಕ್ಯಾಪ್ಟನ್ ಆಗಿದ್ದರು, ಟೈಟಲ್ ಬರುವ ಮುಂಚೆಯೇ ಸಾಯಿಸಿದರು. 'ಇಂಟು ಡಾರ್ಕ್‌ನೆಸ್'ನಲ್ಲೂ ಭಾರತೀಯ ಮೂಲದ ದೀಪ್ ರಾಯ್ ಇದ್ದಾರೆ. ಸ್ಕಾಟಿ ಹಿಂದೆ ಓಡಾಡುವ ಕುಳ್ಳ ಕೀನ್ಸರ್ ಅವರೇ. ಮುಖ ಪೂರ್ತಿ ಮುಖವಾಡದೊಳಗೆ.

ಇದಕ್ಕಿಂತ ದೊಡ್ಡ ತಮಾಷೆ 2025ರಲ್ಲಿ ಆಯಿತು. 'ಸ್ಟಾರ್ ಟ್ರೆಕ್: ಖಾನ್' ಅನ್ನುವ ಸರಣಿ ಬಂತು, ಖಾನ್ ಆಗಿದ್ದು ಇದೇ ನವೀನ್ ಆಂಡ್ರ್ಯೂಸ್. 58 ವರ್ಷ ಆದ ಮೇಲೆ ದೊಡ್ಡವನಾದ ಖಾನ್ ಪಾತ್ರ ಭಾರತೀಯ ಮೂಲದವರ ಕೈಗೆ ಬಂತು ಅಂತ ಖುಷಿಪಡುವಷ್ಟರಲ್ಲಿ ನೋಡಿದರೆ, ಅದು ಆಡಿಯೊ ಸರಣಿ. ಧ್ವನಿ ಮಾತ್ರ.

ಬೇರೆಯವರು ಹೇಗೆ ಮಾಡಿದರು ಅಂತ ನೋಡಬೇಕಾದರೆ ಬ್ರಿಟನ್ನಿನ ಧಾರಾವಾಹಿ 'ಡಾಕ್ಟರ್ ಹೂ' ನೋಡಿ. 2020ರ ಜನವರಿ 1ರಂದು ಬಂದ 'ಸ್ಪೈಫಾಲ್' ಕಂತಿನಲ್ಲಿ ಹಳೇ ವಿಲನ್ ಮಾಸ್ಟರ್ ಆಗಿ ಬಂದಿದ್ದು ಭಾರತೀಯ ಮೂಲದ ಸಾಶಾ ಧವನ್. ಮಾಸ್ಟರ್ ಬೇರೆ ಗ್ರಹದವನು, ಮುಖ ಬದಲಾಗುವುದು ಕಥೆಯಲ್ಲೇ ಇದೆ, ಹಾಗಾಗಿ ಯಾರು ಮಾಡಿದರೂ ನಡೆಯುತ್ತದೆ. ಧವನ್ ಬೆಂಕಿ ಹಾಗೆ ಮಾಡಿದ್ದಾರೆ. ಆದರೆ ಎರಡನೇ ಭಾಗದಲ್ಲಿ, 1943ರ ಪ್ಯಾರಿಸ್‌ನಲ್ಲಿ, ಅವನ ಮೈಬಣ್ಣ ಮರೆಮಾಚುತ್ತಿದ್ದ ಯಂತ್ರವನ್ನು ಕಥಾನಾಯಕಿ ಡಾಕ್ಟರ್ ಕೆಡಿಸಿ ನಾಝಿಗಳ ಕೈಗೆ ಬಿಟ್ಟುಬಿಡುತ್ತಾಳೆ. ನಾಯಕಿ ಮಾಡುವ ಕೆಲಸವಾ ಅದು? ಒಳ್ಳೇ ನಟರನ್ನು ಹಾಕಿಕೊಂಡರೆ ಮುಗಿಯಲಿಲ್ಲ, ಆ ಮುಖ ಬಂದ ಮೇಲೆ ಪ್ರತಿ ದೃಶ್ಯವನ್ನೂ ಇನ್ನೊಮ್ಮೆ ಓದಬೇಕು.

ಹಾಗಾಗಿ ಮುಂದೆ ಯಾವ ರೀಬೂಟ್ (ಹಳೇ ಕಥೆಯನ್ನು ಹೊಸದಾಗಿ ಶುರು ಮಾಡುವುದು) ಬಗ್ಗೆ ಜಗಳ ಬಂದರೂ ನಾನು ಮೊದಲು ಕೇಳುವುದು, ಪಾತ್ರ ಎಲ್ಲಿಯದು ಅನ್ನುವುದು ಕಥೆಗೆ ಕೆಲಸ ಮಾಡುತ್ತಿದೆಯಾ ಅಂತ. ಮಾಸ್ಟರ್‌ಗೆ ಮಾಡುತ್ತಿಲ್ಲ, ಖಾನ್‌ಗೆ ಮಾಡುತ್ತಿದೆ. ನಟನ ಪಾಸ್‌ಪೋರ್ಟ್ ನೋಡುವುದು ಆಮೇಲೆ. ಖಾನ್ ಪಂಜಾಬಿಯೇ ಮಾಡಬೇಕು, ಸಿಖ್ಖರೇ ಮಾಡಬೇಕು ಅಂತ ನಾನು ಹಟ ಹಿಡಿಯುವುದಿಲ್ಲ.

ನೋಡುವ ಕ್ರಮ ಕೇಳಿದ್ದಿರಲ್ಲ: ಮೊದಲು 'ಸ್ಪೇಸ್ ಸೀಡ್', ಆಮೇಲೆ 1982ರ 'ದ ರಾತ್ ಆಫ್ ಖಾನ್'. ಅದರಲ್ಲಿ ಖಾನ್ ಮತ್ತು ಕರ್ಕ್ ಒಮ್ಮೆಯೂ ಮುಖಾಮುಖಿ ಆಗುವುದಿಲ್ಲ, ನೌಕೆಗಳ ಪರದೆ ಮೇಲೆ ಮಾತ್ರ ಮಾತಾಡುತ್ತಾರೆ, ಗಮನಿಸಿ. ಇವೆರಡರ ನಡುವಿನ ಖಾನ್ ವನವಾಸದ ಕಥೆ ಆಡಿಯೊ ಸರಣಿಯಲ್ಲಿದೆ, ಅದನ್ನು ಮೂರನೆಯದಾಗಿ ಕೇಳಿ. 'ಇಂಟು ಡಾರ್ಕ್‌ನೆಸ್' ಕೊನೆಗಿರಲಿ, ಆಗ ಹೋಲಿಸಲು ಸುಲಭ. ಸ್ಟಾರ್ ಟ್ರೆಕ್ ಸರಣಿಯ ಇನ್ನೊಂದು ಧಾರಾವಾಹಿ 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್'ನ ಎರಡನೇ ಸೀಸನ್ನಿನ ಮೂರನೇ ಕಂತಿನಲ್ಲಿ ಖಾನ್ ಚಿಕ್ಕ ಹುಡುಗನಾಗಿ ಬರುತ್ತಾನೆ, ಅವನ ವಂಶದ ಲಾಆನ್ ಅವನನ್ನು ಕಾಣುತ್ತಾಳೆ. ಅದಕ್ಕೆ ಲಾಆನ್ ಪಾತ್ರದ ಪರಿಚಯ ಬೇಕು, ಮೊದಲ ಸೀಸನ್ ಮುಗಿಸಿಕೊಂಡೇ ಹೋಗಿ.