ಟೈಟ್ರೇಷನ್‌ನಲ್ಲಿ ಬಣ್ಣ ಬದಲಾದರೆ ಆಮ್ಲದ ಸಾರತೆ ಹೇಗೆ ತಿಳಿಯುತ್ತದೆ?

ಟೈಟ್ರೇಷನ್ ಎಂದರೆ ಸಾರತೆ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಇನ್ನೊಂದರ ಸಾರತೆ ಕಂಡುಹಿಡಿಯುವುದು. ಅದರಲ್ಲಿ ಬಣ್ಣ ಬರೀ ಸೂಚನೆ. ಉತ್ತರ ಸಿಗುವುದು ಅಷ್ಟರಲ್ಲಿ ಖರ್ಚಾದ ದ್ರಾವಣದ ಅಳತೆಯಿಂದ. ಫ್ಲಾಸ್ಕ್‌ನಲ್ಲಿ ಸಾರತೆ ಗೊತ್ತಿಲ್ಲದ 25 ಮಿಲಿಲೀಟರ್ ಹೈಡ್ರೋಕ್ಲೋರಿಕ್ ಆಮ್ಲ, ಎರಡು ಹನಿ ಫಿನಾಲ್ಫ್ಥಲೀನ್ (ಆಮ್ಲದಲ್ಲಿ ಬಣ್ಣವಿಲ್ಲದ, ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ) ಇವೆ ಎನ್ನೋಣ. ಬ್ಯುರೆಟ್‌ನಲ್ಲಿ, ಅಂದರೆ ಹನಿಹನಿಯಾಗಿ ಬಿಡಬಲ್ಲ ಅಳತೆಗೆರೆಗಳ ಕೊಳವೆಯಲ್ಲಿ, 0.1 ಮೋಲಾರ್ (ಲೀಟರಿಗೆ 0.1 ಮೋಲ್; ಮೋಲ್ ಎಂದರೆ ಕಣಗಳನ್ನು ಎಣಿಸುವ ಮಾನ) ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಅದರ ಹನಿ ಬಿದ್ದಲ್ಲಿ ಗುಲಾಬಿ ಬಣ್ಣ ಮೂಡಿ, ಫ್ಲಾಸ್ಕ್ ಅಲುಗಿಸಿದೊಡನೆ ಮಾಯವಾಗುತ್ತದೆ. ಆಮ್ಲ ಇನ್ನೂ ಉಳಿದಿದೆ ಎಂದರ್ಥ. ಬಣ್ಣ ಕರಗಲು ತಡವಾಗತೊಡಗಿದಾಗ ಒಂದೊಂದೇ ಹನಿ ಬಿಡಿ. ನಿಖರತೆಯೆಲ್ಲ ಈ ತಾಳ್ಮೆಯಲ್ಲಿದೆ. ನಸುಗುಲಾಬಿ ಅರ್ಧ ನಿಮಿಷ ನಿಂತರೆ ಸಾಕು, ಕಡುಗುಲಾಬಿಯಾದರೆ ಮಿತಿ ದಾಟಿದಂತೆ.

ಈ ಆಮ್ಲ, ಕ್ಷಾರಗಳೆರಡೂ ಮೋಲ್‌ಗೆ ಮೋಲ್ ಸಮನಾಗಿ ವರ್ತಿಸುತ್ತವೆ. ಹಾಗಾಗಿ 20 ಮಿಲಿಲೀಟರ್ ಖರ್ಚಾಗಿದ್ದರೆ ಆಮ್ಲದ ಸಾರತೆ 0.1 × 20 ÷ 25 = 0.08 ಮೋಲಾರ್. ಅಂದಹಾಗೆ, ತೊಳೆದ ಫ್ಲಾಸ್ಕ್‌ನಲ್ಲಿ ತುಸು ನೀರಿದ್ದರೆ ತೊಂದರೆಯಿಲ್ಲ. ಬ್ಯುರೆಟ್‌ನಲ್ಲಿ ನೀರುಳಿದರೆ ಲೆಕ್ಕ ತಪ್ಪುತ್ತದೆ.