ಸುಣ್ಣದ ಟ್ಯಾಂಕಿನ ಪಿಎಚ್ ಮೀಟರ್ ನಿಧಾನವಾಗುವುದಕ್ಕೆ

ಮೀಟರಿನ ಪ್ರೋಬ್ (ನೀರಿನಲ್ಲಿ ಮುಳುಗಿಸುವ ಕಡ್ಡಿ) ತುದಿಯ ಗಾಜಿನ ಬಲ್ಬಿನ ಮೇಲೆ ಸುಣ್ಣದ ಪೊರೆ ಕಟ್ಟಿದೆ, ಬಹುತೇಕ ಅದೇ ಕಾರಣ. ಬೇಲೂರು ಇಂಡಸ್ಟ್ರಿಯಲ್ ಏರಿಯಾದ ನಿಮ್ಮ ಇಟಿಪಿಯಲ್ಲಿ (ಕಾರ್ಖಾನೆಯ ಕೊಳಚೆ ನೀರು ಶುದ್ಧೀಕರಣ ಘಟಕ) ಮೀಟರ್ ನಿಧಾನ ಏರುತ್ತದೆ, ಅಷ್ಟರಲ್ಲಿ ಸುಣ್ಣ ಜಾಸ್ತಿ ಹೋಗಿಬಿಡುತ್ತದೆ ಅಂದಿರಲ್ಲ, ಲಕ್ಷಣ ಸರಿಯಾಗಿ ಹೊಂದುತ್ತದೆ.

ಮೊದಲು ಸುಣ್ಣ ಬಿಡುವ ಡೋಸಿಂಗ್ ಪಂಪನ್ನು ಮ್ಯಾನುಯಲ್‌ಗೆ ಹಾಕಿ. ಇಲ್ಲದಿದ್ದರೆ ಪ್ರೋಬ್ ಹೊರಗಿದ್ದಾಗ ಪಂಪ್ ಸುಮ್ನೆ ಸುಣ್ಣ ಸುರಿಯುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ಪ್ರೋಬನ್ನು ಶೇ. 5ರ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಐದು ನಿಮಿಷ ಇಡಿ. ಗುಳ್ಳೆ ಬಂದರೆ ಸುಣ್ಣವೇ. ಬಲ್ಬನ್ನು ಉಜ್ಜಬೇಡಿ, ಗೀರು ಬೀಳುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಿರಿ. ನಮ್ಮ ಕಡೆಯ ಬೋರ್ ನೀರು ಗಡಸು, ಅದು ಬೇಡ. ಆಮೇಲೆ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಒಂದು ಗಂಟೆ ನೆನೆಸಿ.

ಈಗ ಪ್ರೋಬನ್ನು ಪಿಎಚ್ 7ರ ಬಫರ್‌ನಲ್ಲಿ (ಪಿಎಚ್ ಗೊತ್ತಿರುವ ದ್ರಾವಣ), ನಂತರ 4ರ ಬಫರ್‌ನಲ್ಲಿ ಇಡಿ. ಮಿಲಿವೋಲ್ಟ್ ನೋಡುವುದು ಮುಖ್ಯ. 25 ಡಿಗ್ರಿಯಲ್ಲಿ ಎರಡರ ನಡುವೆ ಸುಮಾರು 177 ಮಿಲಿವೋಲ್ಟ್ ಅಂತರ ಬರಬೇಕು. 150ಕ್ಕಿಂತ ಕಡಿಮೆಯಾದರೆ ಪ್ರೋಬ್ ಬದಲಾಯಿಸುವುದೇ ಒಳ್ಳೆಯದು. ಅಂತರ ಸರಿಯಿದ್ದು, 7ರಲ್ಲಿ ಸೊನ್ನೆಯಿಂದ 30ಕ್ಕಿಂತ ಜಾಸ್ತಿ ಆಚೀಚೆ ತೋರಿಸಿದರೆ ರೆಫರೆನ್ಸ್ ಜಂಕ್ಷನ್ (ಪ್ರೋಬ್ ಒಳಗಿನ ದ್ರಾವಣ ಹೊರಗಿನ ನೀರನ್ನು ಮುಟ್ಟುವ ಸಣ್ಣ ಜಾಗ) ಕಟ್ಟಿರಬಹುದು. ಕೇಬಲ್ ಕನೆಕ್ಟರ್‌ನಲ್ಲಿ ತೇವ ಸೇರಿದ್ದರೂ ರೀಡಿಂಗ್ ತಪ್ಪುತ್ತದೆ, ಅದನ್ನೂ ಒಣಗಿಸಿ ನೋಡಿ.

ಸರಿಹೋದರೆ ಆರಂಭದಲ್ಲಿ ವಾರಕ್ಕೊಮ್ಮೆ ತೊಳೆಯಿರಿ. ಪೊರೆ ಕಟ್ಟುವ ವೇಗ ನೋಡಿ ಅವಧಿ ಬದಲಿಸಿಕೊಳ್ಳಿ.